ಪುಕ್ಕಟೆ ಬೂಟು

ಹಳೆಯ ಕಾಲದ ಬೈಕ್ ಸವಾರರ ಬೂಟುಗಳನ್ನು ಕೂಡಿಡುವುದು ಸಾದಿಕನ ಹುಚ್ಚು. ಅವನು ವರ್ಷಗಟ್ಟಲೆ ಹುಡುಕಿದ ಜೋಡಿ ಕಡೆಗೂ ಹುಬ್ಬಳ್ಳಿಯ ಒಂದು ಮನೆಯಲ್ಲಿ ಕಣ್ಣಿಗೆ ಬಿತ್ತು. ಮೊಣಕಾಲ ಸಮೀಪದವರೆಗೆ ಏರುವ ‘ಎಂಜಿನಿಯರ್’ ಎಂಬ ಮಾದರಿಯ ಕಪ್ಪು ಬೂಟು, ಪಕ್ಕದಲ್ಲಿ ಹಿತ್ತಾಳೆಯ ಬಕಲ್.

"ಎಷ್ಟಕ್ಕ ಕೊಡ್ತೀರಿ ಅಕ್ಕಾರ?"

"ರೊಕ್ಕ ಬ್ಯಾಡ್ರಿ," ಎಂದಳು ಮನೆಯಾಕೆ. "ಹಾಕ್ಕೊಂಡು ಪಡಸಾಲ್ಯಾಗ ಒಂದೀಟು ಅಡ್ಡಾಡ್ರಿ. ಆಮ್ಯಾಲ ಒಯ್ರಿ."

ಪುಕ್ಕಟೆ ಎಂದ ಕೂಡಲೇ ಸಾದಿಕನಿಗೆ ಸಂಶಯ ಬಂತು. ಕಳುವಿನ ಮಾಲೇನೋ ಎಂದುಕೊಂಡ. ಬೂಟನ್ನು ಬೋರಲು ಮಾಡಿ ಕೊಡವಿದ. ಏನೂ ಬೀಳಲಿಲ್ಲ.

"ಯಾರವ್ರಿ ಇವು?"

"ನಮ್ಮ ಮನಿಯವರವು. ಅವರು ತೀರಿಕೊಂಡು ತಿಂಗಳಾತು."

ಆಕೆಯ ಕಣ್ಣಲ್ಲಿ ನೀರಿರಲಿಲ್ಲ. ಒಳಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಅಲ್ಲಿ ಯಾರನ್ನೋ ಅಡಗಿಸಿದ್ದಾಳೆ ಎಂದು ಸಾದಿಕನಿಗೆ ಖಾತ್ರಿಯಾಯಿತು. ಆದರೂ ಆಸೆ ಬಿಡಲಿಲ್ಲ. ಬೂಟು ಏರಿಸಿ, ಬೀದಿ ಬಾಗಿಲ ಮೇಲೊಂದು ಕಣ್ಣಿಟ್ಟು ನಾಲ್ಕು ಹೆಜ್ಜೆ ಹಾಕಿದ.

"ಇನ್ನೂ ಜೋರ್ ತುಳೀರಿ ಅಣ್ಣಾರ," ಆಕೆ ಪಿಸುಗುಟ್ಟಿದಳು. "ಮಾತು ಮಾತ್ರ ಆಡಬ್ಯಾಡ್ರಿ."

ಅವನು ನೆಲ ಅದುರುವಂತೆ ತುಳಿದ.

ಮುಚ್ಚಿದ ಬಾಗಿಲಾಚೆಯಿಂದ ಮುದುಕಿಯೊಬ್ಬಳ ಕ್ಷೀಣ ದನಿ ಕೇಳಿಸಿತು: "ಬಂದ್ಯೇನೋ ನನ್ನ ಮಗನ? ಇನ್ನ ಉಣ್ತೀನಪಾ, ತಾಟು ಹಚ್ಚಂತ ಹೇಳು ನಿನ್ನ ಹೆಂಡ್ತಿಗೆ."