ಕಂಬದಡಿಯ ಕಾಸು

ನಮ್ಮದೇ ಅಂತ ಒಂದು ದೋಣಿಯಾದ ದಿನ, ಒಳ್ಳೆಯದಾಗಲೆಂದು ಹಾಯಿಕಂಬದ ಕೆಳಗಿಡುವ ಕಾಸನ್ನು ನಿನ್ನ ಕೈಯಿಂದಲೇ ಇಡಿಸುತ್ತೇನೆ ಎಂದು ಬೆಲಿಕಸ್ ಹೆಂಡತಿಗೆ ಮಾತು ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟೂ ವರ್ಷ ಅವನು ಕಂಡವರ ದೋಣಿಯಲ್ಲಿ ಕಲ್ಲು ಸಾಗಿಸಿದ. ಮತುಗೆನಾ ಒಂದು ಪುಟ್ಟ ಕಂಚಿನ ಕಾಸನ್ನು ಚಿಂದಿಯಲ್ಲಿ ಸುತ್ತಿಟ್ಟು ಕಾದಳು.

ಇವತ್ತು ರೋಮನ್ನರ ಲೊಂಡಿನಿಯಂ ಪಟ್ಟಣದ ನದಿದಂಡೆಯಲ್ಲಿ ಅವರ ದೋಣಿ ಸಿದ್ಧವಾಗಿ ನಿಂತಿತ್ತು. ಕಡಲ ಉಬ್ಬರಕ್ಕೆ ಏರಿದ ನದಿಯ ನೀರು ಇಳಿಯುವುದರೊಳಗೆ ಹೊರಡಬೇಕು. ಮತುಗೆನಾ ಎಲ್ಲರಿಗೂ ಬಿಸಿ ರೊಟ್ಟಿ ತರಲು ಹೋಗಿದ್ದಾಗ, ಗೆಳೆಯರೆಲ್ಲ ಹಗ್ಗ ಹಿಡಿದು, ಹಾಡು ಹೇಳುತ್ತ, ಅದೇ ಹುರುಪಿನಲ್ಲಿ ಕಂಬವನ್ನೆತ್ತಿ ಕುಳಿಯಲ್ಲಿ ಕೂರಿಸಿಯೇ ಬಿಟ್ಟರು. ಬುಟ್ಟಿ ಹೊತ್ತು ಬಂದವಳ ಮುಖ ಕಂಡಾಗಲೇ ಬೆಲಿಕಸ್‌ಗೆ ಕಾಸಿನ ನೆನಪಾಗಿದ್ದು.

"ಅದು ನಾನೇ ಹಾಕ್ದೆ ಕಣಮ್ಮ," ಎಂದ ದೋಣಿ ಕಟ್ಟಿದ ಮುದುಕ ಸೆನಿಲಿಸ್. "ನನ್ನ ಚೀಲದ್ದೇ ಒಂದು ಕಾಸು. ಯಾರ ಕೈಯಾದ್ರೇನು?"

"ಕಂಬ ಎತ್ರಪ್ಪೋ ಇನ್ನೊಂದ್ಸಲ," ಎಂದ ಬೆಲಿಕಸ್.

"ನಿಂಗೇನು ತಲೆ ಕೆಟ್ಟಿದ್ಯಾ ಅಣ್ಣ? ಬೆನ್ನು ಮುರಿದುಹೋಗಿದೆ, ನೀರೂ ಇಳೀತಿದೆ," ಎಂದು ಹುಟ್ಟು ಹಾಕುವ ವೆಪೊ ಕೂತೇಬಿಟ್ಟ.

"ಹೋಗ್ಲಿ ಬಿಡಿ," ಎಂದಳು ಮತುಗೆನಾ, ತಣ್ಣಗೆ. "ಅಲ್ಲ ತಾತ, ಕಾಸಿಗೆ ಒಂದು ಕಡೆ ದೊರೆ, ಒಂದು ಕಡೆ ಅದೃಷ್ಟದೇವಿ. ದೇವಿ ಮುಖ ಮೇಲೆ ಮಾಡಿ ತಾನೆ ಇಟ್ಟಿದ್ದು?"

ಮುದುಕ ಗಡ್ಡ ಕೆರೆದುಕೊಂಡ. "ಮೇಲೇ... ಇರಬೇಕು."

ವೆಪೊ ಚಂಗನೆ ಎದ್ದ. "ಇರಬೇಕಾ? ದೇವಿ ಬೋರಲು ಬಿದ್ದಿರೋ ದೋಣಿ ನಾನಂತೂ ಹತ್ತಲ್ಲ ಅತ್ತಿಗೆ. ನನ್ನ ಹೆಂಡ್ತಿ ಕಳ್ಸೋದೇ ಇಲ್ಲ."

"ನಿನ್ನ ಹೆಂಡ್ತಿ ಬುತ್ತಿ ಕಟ್ಟಿ ಕಳಿಸ್ತಾಳೆ ಬಿಡೋ!" ಎಂದು ಗೆಳೆಯರಲ್ಲೊಬ್ಬ ಕೂಗಿದ.

ನಗುತ್ತ, ಬೈಯುತ್ತ, ಮತ್ತೆ ಹಗ್ಗ ಜಗ್ಗಿದರು. ಕಂಬ ಮೇಲೆದ್ದಿತು. ಸೆನಿಲಿಸ್ ಕುಳಿಯೊಳಗೆ ಬಗ್ಗಿ ನೋಡಿ ಕುಣಿದಾಡಿದ. "ನೋಡ್ರೋ! ದೇವಿ ಮೇಲೇ ಇದಾಳೆ! ಸರಿಯಾಗೇ ಇಟ್ಟಿದೀನಿ!"

"ನೀವೆಲ್ಲಿ ತಪ್ತೀರಿ ತಾತ, ನಂಗೊತ್ತಿರ್ಲಿಲ್ವಾ," ಎನ್ನುತ್ತ ಮತುಗೆನಾ ಅವನ ಕಾಸನ್ನು ಅವನ ಅಂಗೈಗೇ ಹಾಕಿ, ತನ್ನದನ್ನು ಕುಳಿಯಲ್ಲಿಟ್ಟಳು. ಬೆಲಿಕಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಕಂಬ ಮತ್ತೆ ಕೂರುವಷ್ಟರಲ್ಲಿ ನೀರು ಇಳಿದು ದೋಣಿಯ ಹೊಟ್ಟೆ ಕೆಸರಿಗೆ ಕಚ್ಚಿಕೊಂಡಿತ್ತು. ಎಲ್ಲರೂ ದಂಡೆಯ ಮೇಲೆ ಕೂತು ರೊಟ್ಟಿ ಮುರಿದರು.

ಅಂದು ದೋಣಿ ಹೊರಡಲಿಲ್ಲ. ಬೆಲಿಕಸ್ ಕೊಟ್ಟ ಮಾತು ನಡೆಯಿತು.