ಹತ್ತಲು ಒಂದು ಕಲ್ಲು

ಕುರಿಹಿಂಡು ಅಡ್ಡ ಬಂತು, ಗುರುರಾಜ ಮಾಸ್ತರು ಸೈಕಲ್ಲಿನಿಂದ ದೊಪ್ಪನೆ ಬಿದ್ದರು. ಬಿದ್ದವರು ಮೊಣಕಾಲು ನೋಡಿಕೊಳ್ಳಲಿಲ್ಲ, ಕೋಟಿನ ಕಿಸೆ ಮುಟ್ಟಿ ನೋಡಿಕೊಂಡರು. ಹತ್ತಿಯಲ್ಲಿ ಸುತ್ತಿದ್ದ ಇಂಜೆಕ್ಷನ್ ಬಾಟಲಿ ಒಡೆದಿರಲಿಲ್ಲ. ಅತ್ತ ಇಳಕಲ್ಲಿನ ಮನೆಯಲ್ಲಿ ಹೆಂಡತಿ ಪ್ರೇಮಾಬಾಯಿ ಎದೆಯಲ್ಲಿ ಕಫ ಕಟ್ಟಿ, ನಾಲ್ಕು ದಿನದಿಂದ ಜ್ವರದಲ್ಲಿ ಬಿದ್ದಿದ್ದಳು. "ಈ ಔಷಧ ಹುನಗುಂದದಾಗ ಸಿಗ್ತದ. ದೀಪಾ ಹಚ್ಚೂದರೊಳಗ ತರ್ರಿ ಮಾಸ್ತರ, ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲ" ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಬಸ್ಸಿದ್ದದ್ದು ರಾತ್ರಿಗೇ. ಎಂಟು ಮೈಲಿನ ದಾರಿಯಲ್ಲಿ ಈಗ ಅರ್ಧ ಮುಗಿದಿತ್ತು, ಹೊತ್ತು ಇನ್ನೂ ಮೇಲಿತ್ತು, ಸೈಕಲ್ಲಿಗೂ ಏನೂ ಆಗಿರಲಿಲ್ಲ.

ಆದರೆ ಮಾಸ್ತರಿಗೆ ಸೈಕಲ್ ಹತ್ತಲು ಬರುತ್ತಿರಲಿಲ್ಲ. ಹೊಡೆಯಲು ಚೆನ್ನಾಗಿ ಬರುತ್ತಿತ್ತು, ಹತ್ತಲು ಮಾತ್ರ ಇಲ್ಲ. ನಲವತ್ತೈದು ದಾಟಿದ ಮೇಲೆ, ಓಣಿ ಏಳುವ ಮುಂಚೆ ಕದ್ದು ಕಲಿತ ವಿದ್ಯೆ ಅದು. ಮನೆಯ ಕಟ್ಟೆಗೆ ಕಾಲೂರಿ ಹತ್ತಿದರೆ ಸಾಲೆಯ ಮೆಟ್ಟಿಲಿಗೆ ಕಾಲು ಕೊಟ್ಟೇ ಇಳಿಯಬೇಕು. ನಡುವೆ ಮಠದ ಸ್ವಾಮಿಗಳೇ ಎದುರಾದರೂ ಇಳಿಯುವಂತಿಲ್ಲ. ಊರವರು ಅದನ್ನು ಮಾಸ್ತರ ಗತ್ತು ಎಂದುಕೊಂಡಿದ್ದರು. ಹಾಗೇ ಅಂದುಕೊಳ್ಳಲಿ ಎಂದು ಇವರೂ ಸುಮ್ಮನಿದ್ದರು. ಓಡುತ್ತ ಪೆಡಲಿನ ಮೇಲೆ ಒಂದು ಕಾಲಿಟ್ಟು ಇನ್ನೊಂದನ್ನು ಬೀಸಿ ಹತ್ತುವುದು ಹತ್ತು ವರ್ಷದ ಪೋರರಿಗೂ ಬರುತ್ತದೆ. ಇವರಿಗೆ ಬರಲಿಲ್ಲ. ಇಲ್ಲಿ ಹಾಗೇನಾದರೂ ಮಾಡಿ ಮತ್ತೊಮ್ಮೆ ಬಿದ್ದರೆ ಬಾಟಲಿ ಚೂರುಚೂರು. ಎರಡೂ ಕಡೆ ಸಪಾಟು ಎರೆಹೊಲ, ಕಾಲೂರಲು ಹಿಡಿಯಷ್ಟು ಎತ್ತರವಿಲ್ಲ.

ಸೈಕಲ್ ತಳ್ಳಿಕೊಂಡು ಓಡುನಡಿಗೆಯಲ್ಲಿ ಹೊರಟರು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಮೈಲುಗಲ್ಲು ಕಾಣಿಸಿತು, ಹೋದ ಜೀವ ಬಂದಂತಾಯಿತು. ಕಲ್ಲಿನ ಪಕ್ಕಕ್ಕೆ ಸೈಕಲ್ ತಂದು, ಧೋತರ ಎತ್ತಿ ಸಿಗಿಸಿ, ಇನ್ನೇನು ಕಾಲಿಡಬೇಕು, ಹಿಂದಿನಿಂದ ಗಂಟೆ ಕೇಳಿತು.

"ನಮಸ್ಕಾರ್ರಿ ಮಾಸ್ತರ!"

ಮುರ್ತುಜಸಾಬ. ಹದಿನೈದು ವರ್ಷದ ಹಿಂದೆ ಇವರ ಕೈಯಲ್ಲಿ ಏಟು ತಿಂದು ಮಗ್ಗಿ ಕಲಿತವನು, ಈಗ ಇಳಕಲ್ಲಿನ ಬಜಾರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಗುರುಗಳು ನೆಲದ ಮೇಲೆ ನಿಂತದ್ದನ್ನು ಕಂಡು ಅಷ್ಟು ದೂರದಲ್ಲೇ ಹಗುರಾಗಿ ಕಾಲು ಬೀಸಿ ಇಳಿದಿದ್ದ.

"ಗಾಳಿ ಹೋಗೇತೇನ್ರಿ? ಕೊಡ್ರಿ, ನಾ ನೋಡ್ತೇನಿ."

ಮಾಸ್ತರು ಎತ್ತಿದ ಕಾಲು ಕೆಳಗಿಟ್ಟರು. "ಏ, ಇಲ್ಲೋ. ಸೈಕಲ್ ಛಲೋ ಅದ. ಸಂಜಿಮುಂದ ನಾಕ ಹೆಜ್ಜಿ ನಡದ್ರ ಮೈಗೆ ಛಲೋ ಅಂತ ಇಳದೆ. ನೀ ಹತ್ತು, ನಡಿ ಮುಂದ."

"ಎಲ್ಲೀದ್ರಿ! ನೀವು ನಡಕೋತ ಹೊಂಟಾಗ ನಾ ಸೈಕಲ್ ಮ್ಯಾಲೆ ಕುಂತು ದಾಟಿ ಹೋಗ್ಲೇನ್ರಿ? ನಾನೂ ನಡೀತೇನಿ. ಎಂಟ ದಿನಾ ಆತ್ರಿ, ಅಮೀನಗಡದಾಗ ಬೀಗರ ಮನ್ಯಾಗ ಕುಂತು ಕುಂತು ನನ್ನ ಕಾಲೂ ಜೋಮು ಹಿಡದಾವ. ಬಾಯಾರು ಆರಾಮ ಅದಾರ್ರಿ?"

"ಆರಾಮ ಇದ್ದಾಳ" ಎಂದರು ಮಾಸ್ತರು.

ಇಬ್ಬರೂ ಎರಡು ಸೈಕಲ್ ತಳ್ಳಿಕೊಂಡು ನಡೆದರು. ಬಾಟಲಿ ಇವನ ಕೈಗೆ ಕೊಟ್ಟುಬಿಡಲೇ ಎಂದು ಮಾಸ್ತರ ಜೀವ ಒದ್ದಾಡಿತು. ಅರ್ಧ ತಾಸೂ ಬೇಡ ಅವನಿಗೆ. ಆದರೆ ಮನೆಯಲ್ಲಿ ಹೆಂಡತಿ ಹಾಗೆ ಬಿದ್ದಿರುವಾಗ ಮೈಗೆ ಒಳ್ಳೆಯದೆಂದು ನಡೆಯುವ ಗಂಡ ಎಲ್ಲಾದರೂ ಇದ್ದಾನೆಯೇ? ಖರೆ ಹೇಳಲೇಬೇಕಾಗುತ್ತದೆ, ಅದೂ ಸೈಕಲ್ ರಿಪೇರಿಯವನ ಮುಂದೆ. ನಾಳೆ ಬಜಾರವೆಲ್ಲ ನಗುತ್ತದೆ, ನಾಡಿದ್ದು ಕ್ಲಾಸಿನ ಹಿಂದಿನ ಸಾಲು ನಗುತ್ತದೆ. ಅಷ್ಟಕ್ಕೂ ಹೊತ್ತು ಮುಳುಗಿಲ್ಲವಲ್ಲ, ಬಿರುಸಾಗಿ ನಡೆದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಓದಿದವರ ಹುಚ್ಚು ಇಂಥದ್ದು.

ಎರಡನೆಯ ಮೈಲುಗಲ್ಲು ಬಂತು. "ಸಾಕೋ, ಇನ್ನ ನೀ ಹೋಗು" ಎಂದರು. "ನಿಮ್ಮ ಸಂಗಾಟ ನಡಿಯೂ ಭಾಗ್ಯ ಯಾವಾಗ ಸಿಗಬೇಕ್ರಿ" ಎಂದು ಅವನು ಸಾಲೆಯ ದಿನಗಳ ಕತೆ ತೆಗೆದ. ಮೂರನೆಯದೂ ಬಂತು, ಹೋಯಿತು. ಮಾಸ್ತರು ಹೂಂಗುಟ್ಟುತ್ತ ಪಡುವಣ ಕಡೆ ನೋಡುತ್ತಿದ್ದರು. ಇಳಕಲ್ಲಿನ ಮನೆಗಳು ಕಾಣಿಸಿದಾಗ ಕಿಟಕಿಗಳಲ್ಲಿ ಆಗಲೇ ದೀಪವಿತ್ತು.

ಓಣಿಯ ಮೂಲೆಗೇ ಅಳು ಕೇಳಿಸಿತು. ತಾಯಿ ಭಾಗೀರಥೀಬಾಯಿ ಬಾಗಿಲಿಗೆ ಬಂದರು. ಮಗ ಕಿಸೆಯಿಂದ ತೆಗೆದ ಬಾಟಲಿಯನ್ನು ನೋಡಿದರು.

"ಈಗ ಯಾಕ ತಂದ್ಯೋ ಗುರೂ? ಅರ್ಧ ತಾಸಾತು ಆಕಿ ಹೋಗಿ. ಡಾಕ್ಟರು ಸೂಜಿ ಕಾಸಿಟ್ಟುಗೊಂಡು ಕುಂತಿದ್ರು. ಸೈಕಲ್ ಇದ್ದೂ ಇಷ್ಟೊತ್ತು ಎಲ್ಲಿದ್ದ್ಯೋ?"

ಮುರ್ತುಜಸಾಬ ಬಾಟಲಿ ನೋಡಿದ, ಗುರುಗಳ ಮುಖ ನೋಡಿದ. ಸೈಕಲ್ ಕೈಬಿಟ್ಟು ಹಣೆ ಹಣೆ ಬಡಿದುಕೊಂಡ. "ತಪ್ಪು ನಂದ್ರಿ, ಅಮ್ಮಾರ! ನಾ ದಾರ್‍ಯಾಗ ಗಂಟು ಬಿದ್ನಿ. ನನ್ನ ಬಿಟ್ಟು ಹತ್ತಿ ಹೋದ್ರ ನನಗ ಕೆಟ್ಟ ಅನ್ನಿಸ್ತೈತಿ ಅಂತ ಮಾಸ್ತರು ನಾಕ ಮೈಲು ನನ್ನ ಸಂಗಾಟ ನಡದ್ರು. ಔಷಧದ ಮಾತು ಸುದ್ದಾ ಎತ್ತಲಿಲ್ರಿ. ನಾನ ಕೊಂದೆ ಬಾಯಾರನ್ನ!"

ನೆರೆದಿದ್ದ ಓಣಿಯೆಲ್ಲ ಅವನ ಕಡೆ ತಿರುಗಿತು. ಭಾಗೀರಥೀಬಾಯಿ ಎದೆ ಬಡಿದುಕೊಂಡು ಅವನಿಗೆ ಹಿಡಿಶಾಪ ಹಾಕಿದರು. ಅವನ ಕುಲಕ್ಕೆ, ಅವನ ಮಕ್ಕಳಿಗೆ, ಅವನು ಕಲಿತ ಮರ್ಯಾದೆಗೆ. ಅವನು ತಲೆ ತಗ್ಗಿಸಿ ಒಂದೊಂದನ್ನೂ ಕೇಳಿಸಿಕೊಂಡ.

ಗುರುರಾಜ ಮಾಸ್ತರು ಬಾಟಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅಲ್ಲ ಎನ್ನಲಿಲ್ಲ.