ಬಾಗಿಲಲ್ಲಿ ಕೊಟ್ಟ ಲಂಗ

"ಅಯ್ಯೋ, ಪ್ಯಾಂಟಲ್ಲೇ ಬಂದಿದ್ದೀಯಲ್ಲೇ! ಊರಿಗೆಲ್ಲ ಲಂಗ ಹೊಲಿಯೋಳಿಗೆ ತನಗೊಂದು ಲಂಗ ಇಲ್ವಾ?" ಗ್ರೀಸಿನ ಮೆಟಿಯೋರಾದ ಬಂಡೆಯ ನೆತ್ತಿಯಲ್ಲಿ, ಮಠದ ಬಾಗಿಲಲ್ಲೇ ಗೆಳತಿ ಮರೂಲಾ ಛೇಡಿಸಿದಳು.

"ಮರೆತೆ ಕಣೇ" ಎಂದಳು ಪೊಲಿಕ್ಸೇನಿ.

"ಹೆಂಗಸರನ್ನ ಪ್ಯಾಂಟಲ್ಲಿ ಒಳಗೆ ಬಿಡಲ್ಲ. ಲಂಗ ಇಲ್ಲೇ ಕೊಡ್ತಾರಮ್ಮ, ಸುತ್ತಿಕೊಂಡರಾಯ್ತು" ಎಂದ ಗೈಡ್. ಕಪ್ಪುಡುಗೆಯ ಸನ್ಯಾಸಿನಿಯೊಬ್ಬಳು ಲಂಗ ಹಿಡಿದು ಬಂದಳು. ಅವಳೇ! ಪೊಲಿಕ್ಸೇನಿಯ ಮಗಳು. ಬಾಗಿಲಲ್ಲಿ ಲಂಗ ಕೊಡುವ ಕೆಲಸ ಈಗ ಅವಳದು ಎಂಬ ಸುದ್ದಿ ಊರಿಗೂ ಬಂದಿತ್ತು. ಅವಳು ಮಠ ಸೇರಿದ ದಿನ "ಇನ್ನು ನಿನ್ನ ಮುಖ ನೋಡಲ್ಲ, ಹೋಗು" ಎಂದು ಕೂಗಾಡಿದ್ದ ತಾಯಿ ಈಗ ಪ್ರವಾಸಿಗಳ ಸಾಲಿನಲ್ಲಿ ತುದಿಗಾಲಲ್ಲಿ ನಿಂತಿದ್ದಳು.

ಮಗಳು ಬಾಗಿ, ತಾಯಿಯ ಪ್ಯಾಂಟಿನ ಮೇಲೆ ಲಂಗ ಸುತ್ತಿ ಲಾಡಿ ಕಟ್ಟಿದಳು.

"ಸಡಿಲ ಆಯ್ತು" ಎಂದಳು ಪೊಲಿಕ್ಸೇನಿ. ಮಗಳು ಬಿಚ್ಚಿ ಕಟ್ಟಿದಳು. "ಈಗ ತುಂಬಾ ಬಿಗಿ."

ಮತ್ತೆ ಬಿಚ್ಚುವಾಗ ತಾಯಿಯ ಚೀಲದ ಬಾಯಿಂದ ಇಣುಕುತ್ತಿದ್ದ, ಇಸ್ತ್ರಿ ಮಾಡಿ ಮಡಿಸಿಟ್ಟ ನೀಲಿ ಲಂಗ ಮಗಳ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಮರೂಲಾ ಇತ್ತಲೇ ಬರುತ್ತಿದ್ದಳು. ಮಗಳು ಅದನ್ನು ಸರಕ್ಕನೆ ಒಳಕ್ಕೆ ತುರುಕಿ, ಚೀಲದ ಜಿಪ್ ಎಳೆದಳು.

"ಇನ್ನೊಂದ್ಸಲ ಕಟ್ಲಾ, ಅಮ್ಮಾ?"